ಸಾರಿಲ್ಲದ ಒಬ್ಬಟ್ಟು

ಕವಿತೆಯನ್ನು ವಿಮರ್ಶೆ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾಟಕ ನೋಡಿ ಬಂದು ಪತ್ರಿಕೆಗೆ ಬರೆಯುವವರೂ ಇದ್ದಾರೆ. ಆದರೆ ದಿನಕ್ಕೆ ಮೂರು ಹೊತ್ತು ತಟ್ಟೆಗೆ ಬರುವ ಅಡುಗೆಯ ವಿಮರ್ಶೆ ಮಾತ್ರ ‘ಚೆನ್ನಾಗಿದೆ’, ‘ಉಪ್ಪು ಕಡಿಮೆ’ ಎಂಬ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಆ ಎರಡು ಮಾತನ್ನು ಹೇಳುವವರೂ ಸಾಮಾನ್ಯವಾಗಿ ಒಲೆಯ ಮುಂದೆ ನಿಂತವರಲ್ಲ. 16ನೇ ಶತಮಾನದಲ್ಲಿ ಮೂರನೆಯ ಮಂಗರಸ ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ ಬರೆದ ಭಾಷೆ ನಮ್ಮದು. ಅಂಥ ಭಾಷೆಯಲ್ಲಿ ಒಂದು ಒಬ್ಬಟ್ಟಿನ ಅಂಗಡಿಯನ್ನು ಕುರಿತು ನಾಲ್ಕು ಪುಟ ಬರೆದರೆ ಯಾರೂ ಮೂಗು ಮುರಿಯಬಾರದು.

ನಾನು ಹೇಳಹೊರಟಿರುವುದು ಚಾಮರಾಜನಗರದ ಒಂದು ಅಂಗಡಿಯ ವಿಷಯ. ಹೆಸರು ಬೇಡ. ಇಂಥ ಅಂಗಡಿಗಳು ಬೆಂಗಳೂರು, ಮೈಸೂರುಗಳಲ್ಲಿ ಮೊದಲು ಹುಟ್ಟಿ, ಈಗ ನಮ್ಮಂಥ ಊರುಗಳಿಗೂ ಬಂದಿವೆ. ಬೋರ್ಡಿನ ಮೇಲೆ ‘ಹೋಳಿಗೆ’ ಎಂದಿದೆ. ನಾವು ಮನೆಯಲ್ಲಿ ಒಬ್ಬಟ್ಟು ಎನ್ನುತ್ತೇವೆ. ಎರಡೂ ಒಂದೇ. ಅಂಗಡಿ ಒಂದು ಕೋಣೆಯಷ್ಟಿದೆ. ಮುಂದೆ ಗಾಜು, ಗಾಜಿನ ಹಿಂದೆ ಉದ್ದನೆಯ ಕಬ್ಬಿಣದ ಕಾವಲಿ, ಕಾವಲಿಯ ಹಿಂದೆ ಮೂವರು ಹೆಂಗಸರು. ಒಬ್ಬಳು ಕಣಕದೊಳಗೆ ಹೂರಣ ತುಂಬುತ್ತಾಳೆ, ಒಬ್ಬಳು ತಟ್ಟುತ್ತಾಳೆ, ಒಬ್ಬಳು ಮಗುಚುತ್ತಾಳೆ. ಬೇಳೆ ಒಬ್ಬಟ್ಟು ಒಂದಕ್ಕೆ ಮೂವತ್ತು ರೂಪಾಯಿ, ಕಾಯಿ ಒಬ್ಬಟ್ಟಿಗೆ ಮೂವತ್ತೈದು, ಖೋವಾ, ಖರ್ಜೂರ, ಅನಾನಸ್ ಎಂದು ಏರುತ್ತಾ ಹೋಗಿ ಗೋಡಂಬಿ ಬಾದಾಮಿಯದ್ದಕ್ಕೆ ಅರವತ್ತು. ಕುರ್ಚಿಯಿಲ್ಲ, ಬೆಂಚಿಲ್ಲ, ಕೈ ತೊಳೆಯಲು ನಲ್ಲಿಯಿಲ್ಲ. ಗಾಜಿಗೆ ಒಂದು ಚೀಟಿ ಅಂಟಿಸಿದ್ದಾರೆ: ‘ಪಾರ್ಸೆಲ್ ಮಾತ್ರ.’

2020ರ ಲಾಕ್‌ಡೌನ್‌ನಲ್ಲಿ ಹೋಟೆಲುಗಳಲ್ಲಿ ಕೂತು ತಿನ್ನುವಂತಿಲ್ಲ, ಕಟ್ಟಿಸಿಕೊಂಡು ಹೋಗಬಹುದು ಎಂಬ ನಿಯಮವಿದ್ದಾಗ ಆ ಎರಡು ಪದ ನಮಗೆಲ್ಲ ಬಾಯಿಪಾಠವಾಗಿತ್ತು. ಅಂದು ಅದು ರೋಗದ ಭಯದ ಮಾತು. ಈ ಅಂಗಡಿಯಲ್ಲಿ ಅದು ಠೀವಿಯ ಮಾತು. ಬೆಲೆ ಹೆಚ್ಚು, ಕೂರಲು ಜಾಗವಿಲ್ಲ, ಆದರೂ ಸಾಲು ನಿಲ್ಲುತ್ತಾರೆ ಎಂಬುದೇ ಅಂಗಡಿಯ ಜಾಹೀರಾತು.

ಮೊದಲು ಗುಣ ಹೇಳುತ್ತೇನೆ. ನಾಲ್ಕು ಬೇಳೆ, ಎರಡು ಕಾಯಿ ಒಬ್ಬಟ್ಟು ಕೊಂಡು, ಒಂದು ಬೇಳೆ ಒಬ್ಬಟ್ಟನ್ನು ಅಲ್ಲೇ ರಸ್ತೆಯ ಬದಿ ನಿಂತು ತಿಂದೆ. ‘ಇಲ್ಲಿ ನಿಂತು ತಿನ್ನಂಗಿಲ್ಲ ಮೇಡಂ’ ಎಂದು ಗಲ್ಲಾದ ಹುಡುಗ ಅಂದ. ರಸ್ತೆ ಅಂಗಡಿಯದ್ದಲ್ಲವಾದ್ದರಿಂದ ನಾನು ತಿನ್ನುತ್ತಲೇ ಇದ್ದೆ. ಕಣಕ ತೆಳ್ಳಗಿತ್ತು, ಹೂರಣ ಅಂಚಿನವರೆಗೂ ಹರಡಿತ್ತು. ಇದು ಸುಲಭದ ಕೆಲಸವಲ್ಲ. ಕಣಕವನ್ನು ಎಣ್ಣೆಯಲ್ಲಿ ಚೆನ್ನಾಗಿ ನೆನೆಸದಿದ್ದರೆ ಹೂರಣ ಮಧ್ಯದಲ್ಲೇ ಕೂತು, ಸುತ್ತಲೂ ಬರಿಯ ಮೈದಾ ಹಿಟ್ಟಿನ ಚೌಕಟ್ಟು ಉಳಿಯುತ್ತದೆ. ಅರಿಸಿನ ಬೆಳೆಯುವ ಜಿಲ್ಲೆಯ ಒಬ್ಬಟ್ಟಿಗೆ ಇರಬೇಕಾದ ಬಣ್ಣವಿತ್ತು. ಬೇಳೆ ನುಣ್ಣಗೆ ಅರೆದಿತ್ತು, ಏಲಕ್ಕಿ ತನ್ನ ಮಿತಿಯಲ್ಲಿತ್ತು, ಸಿಹಿ ಮಾತ್ರ ಒಂದು ಗುಲಗಂಜಿ ಹೆಚ್ಚು. ಕಾವಲಿಯಿಂದ ಇಳಿದ ಎರಡು ನಿಮಿಷದಲ್ಲಿ ಅದು ಬಾಯಲ್ಲಿ ಕರಗಿತು. ತಟ್ಟಿದವಳ ಕೈಗೆ ನೂರಕ್ಕೆ ತೊಂಬತ್ತು ಅಂಕ ಕೊಡಲು ನನಗೇನೂ ಅಡ್ಡಿಯಿಲ್ಲ.

ಇನ್ನು ಬೆಲೆ. ನಮ್ಮ ಸ್ಟಾಫ್ ರೂಮಿನಲ್ಲಿ ಈ ಅಂಗಡಿಯ ಮಾತು ಬಂದಾಗ ಸಹೋದ್ಯೋಗಿಗಳೊಬ್ಬರು, ‘ಬೇಳೆ, ಬೆಲ್ಲ, ಮೈದಾ, ಎಣ್ಣೆ, ಗ್ಯಾಸು ಎಲ್ಲಾ ಸೇರಿ ಹತ್ತು ರೂಪಾಯಿ ಆಗಲ್ಲ, ಮೂವತ್ತು ಕೀಳ್ತಾನೆ’ ಎಂದು ಲೆಕ್ಕ ಒಪ್ಪಿಸಿದರು. ಲೆಕ್ಕ ಸರಿಯಿರಬಹುದು. ಆದರೆ ಅದರಲ್ಲಿ ಕೈ ಇಲ್ಲ. ಇಪ್ಪತ್ತು ಒಬ್ಬಟ್ಟು ಆಗಬೇಕಾದರೆ ಬೇಳೆ ಹದವಾಗಿ ಬೇಯಿಸಬೇಕು, ಕಟ್ಟು ಬಸಿಯಬೇಕು, ಬೆಲ್ಲ ಹಾಕಿ ಮತ್ತೆ ಒಲೆಯ ಮೇಲಿಟ್ಟು ಗಟ್ಟಿ ಮಾಡಬೇಕು, ರುಬ್ಬಬೇಕು, ಕಣಕ ನಾದಿ ಎರಡು ಗಂಟೆ ಬಿಡಬೇಕು, ಆಮೇಲೆ ಒಂದೊಂದಾಗಿ ತಟ್ಟಿ ಬೇಯಿಸಬೇಕು. ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನಕ್ಕೆ ನಮ್ಮ ತಾಯಂದಿರಿಗೆ, ಅತ್ತೆಯರಿಗೆ ಯಾರೂ ಬೆಲೆ ಕಟ್ಟಲಿಲ್ಲ. ಹಾಗಾಗಿ ಅಂಗಡಿಯವನು ಕಟ್ಟಿದಾಗ ಅದು ದುಬಾರಿಯಾಗಿ ಕಾಣುತ್ತದೆ. ಮನೆಯಲ್ಲಿ ಮಾಡಿದ ಒಬ್ಬಟ್ಟಿಗೆ ಹತ್ತೇ ರೂಪಾಯಿ ಎನ್ನುವವರು ಮನೆಯವಳ ಮಧ್ಯಾಹ್ನಕ್ಕೆ ಸೊನ್ನೆ ಎಂದು ಬರೆದಿರುತ್ತಾರೆ. ಈ ಒಂದು ಪಾಠ ಕಲಿಸಿದ್ದಕ್ಕಾದರೂ ಅಂಗಡಿಯವನಿಗೆ ಋಣಿಯಾಗಿರಬೇಕು.

ದೋಷ ಶುರುವಾಗುವುದು ಡಬ್ಬಿಯಿಂದ. ಬಿಸಿ ಒಬ್ಬಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಚಿನ್ನದ ಬಣ್ಣದ ಚೀಟಿ ಅಂಟಿಸಿ ಕೈಗೆ ಕೊಡುತ್ತಾರೆ. ನೋಡಲು ಒಡವೆಯ ಪೆಟ್ಟಿಗೆಯ ಹಾಗಿದೆ. ಮನೆಗೆ ಬಂದು ಮುಕ್ಕಾಲು ಗಂಟೆಯ ಮೇಲೆ ತೆಗೆದೆ. ಮುಚ್ಚಳದ ಒಳಗೆಲ್ಲ ಹನಿ ಕಟ್ಟಿತ್ತು, ಮೇಲಿನ ಒಬ್ಬಟ್ಟು ಒದ್ದೆಯಾಗಿತ್ತು, ಕೆಳಗಿನ ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಕಣಕ ಹರಿದು ಹೂರಣ ಬೆತ್ತಲಾಯಿತು. ಅಂಗಡಿಯ ಮುಂದೆ ತೊಂಬತ್ತು ಅಂಕ ಪಡೆದದ್ದೇ ನಮ್ಮ ಮನೆಯ ಮೇಜಿನ ಮೇಲೆ ಮೂವತ್ತೈದಕ್ಕೆ ಇಳಿಯಿತು. ‘ಬೇಯುವ ತನಕ ಇದ್ದವರು ಆರುವ ತನಕ ಇರಲಾರರೇ’ ಎಂದು ಗಾದೆಯಿದೆ. ಅಂಗಡಿಯವರು ಐದು ನಿಮಿಷ ಬುಟ್ಟಿಯಲ್ಲಿ ಹರಡಿ, ಹಬೆ ಹೋದ ಮೇಲೆ ಕಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ.

ಕೂರಲು ಜಾಗ ಕೊಡದೆ ಮಾರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆಗೆ ಅಂಟಿಕೊಂಡಂತಿರುವ ಗುರು ಸ್ವೀಟ್ಸ್ ಅಂಗಡಿಯನ್ನೇ ನೋಡಿ. ಮೈಸೂರು ಪಾಕನ್ನು ಮೊದಲು ಮಾಡಿದನೆಂದು ಹೆಸರಾದ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರು ನಡೆಸುವ ಅಂಗಡಿ ಅದು. ಅಲ್ಲಿಗೆ ಹೋದವರು ಕಟ್ಟೆಯ ಮುಂದೆ ನಿಂತು ಕೊಂಡು ಹೊರಡುತ್ತಾರೆ. ಯಾರಿಗೂ ಕುರ್ಚಿಯ ನೆನಪೇ ಆಗುವುದಿಲ್ಲ. ಏಕೆಂದರೆ ಮೈಸೂರು ಪಾಕು ಹುಟ್ಟಿದ್ದೇ ಪ್ರಯಾಣಕ್ಕೆ. ಕಡಲೆಹಿಟ್ಟು, ಸಕ್ಕರೆಪಾಕ, ತುಪ್ಪ ಕುದಿದು ನೀರಿನ ಅಂಶ ಹಾರಿಹೋಗಿರುತ್ತದೆ. ಧಾರವಾಡದ ಪೇಡ, ಗೋಕಾಕದ ಕರದಂಟು ಕೂಡ ಹಾಗೆಯೇ. ರೈಲು ಹತ್ತಿ ನೆಂಟರ ಮನೆ ಸೇರಿದ ಮೇಲೂ ಅವುಗಳ ಮರ್ಯಾದೆ ಕೆಡುವುದಿಲ್ಲ. ಒಬ್ಬಟ್ಟು ಅಂಥದ್ದಲ್ಲ. ಅದರ ಹೊಟ್ಟೆಯಲ್ಲಿ ಬೆಂದ ಬೇಳೆಯ ತೇವವಿದೆ. ಬಿಸಿಯಲ್ಲಿ ಮುಚ್ಚಿದರೆ ತೇವ ಕಣಕಕ್ಕೆ ಇಳಿಯುತ್ತದೆ, ಆರಿದ ಮೇಲೆ ಮೈದಾ ಬಿಗಿದು ಚರ್ಮದಂತಾಗುತ್ತದೆ. ಒಯ್ಯುವ ತಿಂಡಿ ಬೇರೆ, ಬಡಿಸುವ ತಿಂಡಿ ಬೇರೆ. ಒಬ್ಬಟ್ಟು ಬಡಿಸುವ ತಿಂಡಿ. ಅದನ್ನು ಒಯ್ಯುವ ತಿಂಡಿ ಮಾಡಹೊರಟವರು ಒಯ್ಯುವ ವಿದ್ಯೆಯನ್ನೂ ಕಲಿಯಬೇಕು.

ಆ ವಿದ್ಯೆ ಕಲಿತ ಅಂಗಡಿಯೊಂದನ್ನು ನಾನು ಬೆಂಗಳೂರಿನಲ್ಲಿ ನೋಡಿದೆ. ಅಲ್ಲಿರುವ ನನ್ನ ಅಕ್ಕನ ಮಗಳು, ‘ಚಿಕ್ಕಮ್ಮ, ನೀವು ಸುಶಿ ತಿಂದಿಲ್ಲ ಅಲ್ವಾ, ಬನ್ನಿ’ ಎಂದು ಒಂದು ಜಪಾನಿ ಅಂಗಡಿಗೆ ಕರೆದುಕೊಂಡು ಹೋದಳು. ಅದೂ ನಮ್ಮ ಒಬ್ಬಟ್ಟಿನ ಅಂಗಡಿಯ ಹಾಗೆಯೇ. ಕುರ್ಚಿಯಿಲ್ಲ, ಬೆಲೆ ಮಾತ್ರ ಆಕಾಶದಲ್ಲಿದೆ. ನನಗಾಗಿ ಅವಳು ಕೊಂಡದ್ದು ಸೌತೆಕಾಯಿಯದ್ದು. ಎಂಟು ತುಂಡಿಗೆ ಐನೂರು ಚಿಲ್ಲರೆ. ಹುಳಿ, ಸಿಹಿ ಬೆರೆಸಿದ ಅನ್ನದ ನಡುವೆ ಸೌತೆಯ ಕಡ್ಡಿ ಇಟ್ಟು, ಕಡಲಪಾಚಿಯಿಂದ ಮಾಡಿದ ಕಪ್ಪು ಹಾಳೆಯಲ್ಲಿ ಸುತ್ತಿ ಕತ್ತರಿಸಿದ್ದರು. ಕಾರಿನಲ್ಲೇ ಕೂತು ತಿಂದೆವು. ಒಗ್ಗರಣೆ ಕಾಣದ ಚಿತ್ರಾನ್ನವನ್ನು ತಣ್ಣಗೆ ತಿಂದ ಹಾಗಾಯಿತು. ಆದರೂ ಆ ಹಾಳೆಯಲ್ಲಿ ಉಪ್ಪುಗಾಳಿಯಂಥ ಒಂದು ವಾಸನೆಯಿತ್ತು. ಅದು ನನಗೆ ಹಿಡಿಸಿತು.

ನನ್ನ ಕಣ್ಣು ಹೋದದ್ದು ಡಬ್ಬಿಯ ಮೇಲೆ. ತುಂಡುಗಳು ಒಂದರ ಮೇಲೊಂದು ಬೀಳದಂತೆ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಪುಟ್ಟ ಸೀಸೆಯಲ್ಲಿ ಸೋಯಾ ರಸ, ಉಪ್ಪಿನಕಾಯಿಯಂತೆ ಹಾಕಿದ ಶುಂಠಿಯ ತೆಳ್ಳನೆಯ ಎಸಳು, ನೆತ್ತಿಗೇರುವ ಹಸಿರು ಖಾರದ ಒಂದು ಉಂಡೆ. ಮುಚ್ಚಳದ ಮೇಲೆ, ಕೊಂಡ ಒಂದು ಗಂಟೆಯೊಳಗೆ ತಿನ್ನಿ, ಫ್ರಿಜ್ಜಿನಲ್ಲಿ ಇಡಬೇಡಿ ಎಂಬ ಸೂಚನೆ. ಫ್ರಿಜ್ಜಿನಲ್ಲಿ ಅನ್ನ ಗಟ್ಟಿಯಾಗುತ್ತದೆ ಎಂಬುದು ನಮಗೂ ಗೊತ್ತಿರುವ ಸಂಗತಿ.

ಸುಶಿಯ ಚರಿತ್ರೆಯೂ ಸ್ವಾರಸ್ಯವಾಗಿದೆ. ಮೂಲದಲ್ಲಿ ಅದು ಮೀನನ್ನು ಕೆಡದಂತೆ ಇಡುವ ಉಪಾಯ. ಉಪ್ಪು ಹಾಕಿದ ಮೀನನ್ನು ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಹುಳಿಯಲು ಬಿಡುತ್ತಿದ್ದರು. ಜಪಾನಿನ ಬಿವಾ ಸರೋವರದ ಸುತ್ತ ಈಗಲೂ ಆ ಬಗೆಯದ್ದನ್ನು ಮಾಡುತ್ತಾರೆ. ಮುಂದೆ ಹುಳಿಯುವುದಕ್ಕೆ ಕಾಯದೆ ಅನ್ನಕ್ಕೆ ವಿನೆಗರ್ ಬೆರೆಸತೊಡಗಿದರು. 1820ರ ದಶಕದ ಹೊತ್ತಿಗೆ, ಇಂದಿನ ಟೋಕಿಯೋ ಆಗಿರುವ ಎಡೋ ನಗರದಲ್ಲಿ, ಕೈಯಲ್ಲಿ ಒತ್ತಿ ತಕ್ಷಣ ಕೊಡುವ ಸುಶಿ ಬೀದಿಯ ತಿಂಡಿಯಾಯಿತು. ಹನಾಯಾ ಯೊಹೆಯಿ ಎಂಬಾತನಿಗೆ ಅದರ ಕೀರ್ತಿ ಸಲ್ಲುತ್ತದೆ. ಎಂದರೆ, ಇಡುವ ತಿಂಡಿಯಾಗಿ ಹುಟ್ಟಿ, ಕೂಡಲೇ ತಿನ್ನುವ ತಿಂಡಿಯಾಗಿ, ಈಗ ಮತ್ತೆ ಡಬ್ಬಿ ಸೇರಿದೆ. ಡಬ್ಬಿ ಸೇರುವಾಗ ತನ್ನ ಜೊತೆಯವರನ್ನು ಬಿಟ್ಟು ಬಂದಿಲ್ಲ. ರಸ, ಶುಂಠಿ, ಖಾರ ಎಲ್ಲವೂ ಜೊತೆಗಿವೆ.

ನಮ್ಮ ಒಬ್ಬಟ್ಟು ಒಂಟಿಯಾಗಿ ಹೊರಟಿದೆ. ಅದರ ಸಾರು ಎಲ್ಲಿ?

ನಮ್ಮ ಸೀಮೆಯಲ್ಲಿ ಒಬ್ಬಟ್ಟು ಮಾಡಿದ ದಿನ ಒಬ್ಬಟ್ಟಿನ ಸಾರು ಇರಲೇಬೇಕು. ಬೇಳೆ ಬಸಿದ ಕಟ್ಟಿಗೆ ಒಂದು ಹಿಡಿ ಹೂರಣ, ಹುಣಸೆಹುಳಿ, ಸಾರಿನ ಪುಡಿ, ಹುರಿದ ಕಾಯಿ ಸೇರಿಸಿ ಕುದಿಸಿದರೆ ಸಿಹಿ, ಹುಳಿ, ಖಾರ ಮೂರೂ ಜಗಳವಾಡುತ್ತಾ ರಾಜಿಯಾಗುತ್ತವೆ. ಸಿಹಿ ತಿಂದು ಜಡವಾದ ನಾಲಿಗೆಯನ್ನು ಎಬ್ಬಿಸುವುದು ಅದೇ. ಒಂದೇ ಬೇಳೆಯಿಂದ ಎರಡು ಅಡುಗೆ, ಒಂದು ಹನಿಯೂ ವ್ಯರ್ಥವಿಲ್ಲ. ಒಬ್ಬಟ್ಟು ಬಂದವರಿಗೆ, ಸಾರು ಮನೆಯವರಿಗೆ ಎಂಬುದು ಬಡತನದ ಲೆಕ್ಕ. ಮಾರನೆಯ ದಿನ ಮುದ್ದೆಗೆ, ಅನ್ನಕ್ಕೆ ಆ ಸಾರು ಇನ್ನೂ ರುಚಿಯಾಗಿರುತ್ತದೆ. ಕೊನೆಯಲ್ಲಿ ಉಣ್ಣುವ ಹೆಂಗಸರಿಗೆ ಒಬ್ಬಟ್ಟು ಉಳಿಯದಿದ್ದರೂ ಸಾರು ಉಳಿಯುತ್ತಿತ್ತು.

‘ಕಟ್ಟು ಏನು ಮಾಡ್ತೀರಿ?’ ಎಂದು ಗಲ್ಲಾದ ಹುಡುಗನನ್ನು ಕೇಳಿದೆ.

‘ಸುರೀತೀವಿ ಮೇಡಂ. ಸಾರು ಯಾರು ಕೊಳ್ತಾರೆ? ಕಟ್ಟಿಕೊಡೋದೂ ಕಷ್ಟ.’

ಕಟ್ಟಿಕೊಡುವುದು ಕಷ್ಟವೆನ್ನುವ ಮಾತು ನಮ್ಮ ಜಿಲ್ಲೆಯಲ್ಲಿ ನಿಲ್ಲುವುದಿಲ್ಲ. ಗುಂಡ್ಲುಪೇಟೆಗೆ ಹೋಗಿ ನೋಡಿ. ಅದು ದಾರಿಹೋಕರ ಊರು. ಮೈಸೂರಿನಿಂದ ಬಂದ ಹೆದ್ದಾರಿ ಅಲ್ಲಿ ಕವಲೊಡೆದು ಒಂದು ಬಂಡೀಪುರದ ಮೇಲೆ ಊಟಿಯ ಕಡೆಗೆ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೇಲೆ ಕಲ್ಲಿಕೋಟೆಗೆ ಹೋಗುತ್ತದೆ. 2009ರಿಂದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಹಗಲಿನಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಹಾಗಾಗಿ ಹೊತ್ತಿಗೆ ಮುಂಚೆ ಕಾಡು ದಾಟಬೇಕೆಂದು ಹೊರಟವರು, ಮಳೆಗಾಲದಲ್ಲಿ ಚೆಂಡುಹೂವು, ಸೂರ್ಯಕಾಂತಿಯ ಹೊಲ ನೋಡಲು ಬಂದ ಕೇರಳದವರು, ಎಲ್ಲರೂ ತಿಂಡಿ ಕಟ್ಟಿಸಿಕೊಳ್ಳುತ್ತಾರೆ. ಅಲ್ಲಿನ ಸಣ್ಣ ಹೋಟೆಲಿನವರು ಬಾಳೆಲೆ, ಕಾಗದದಲ್ಲಿ ಇಡ್ಲಿ ಸುತ್ತಿ, ಚಟ್ನಿ ಬೇರೆ, ಸಾಂಬಾರು ಬೇರೆ ಕಟ್ಟಿ, ಒಂದು ಹನಿ ಸೋರದಂತೆ ಅರೆ ನಿಮಿಷದಲ್ಲಿ ಕೈಗಿಡುತ್ತಾರೆ. ಅದಕ್ಕೆ ಅವರು ಚಿನ್ನದ ಚೀಟಿ ಅಂಟಿಸುವುದಿಲ್ಲ. ಇಡ್ಲಿಗೆ ಸಾಂಬಾರು ಕಟ್ಟಿಕೊಡಬಲ್ಲ ಜಿಲ್ಲೆಯಲ್ಲಿ ಒಬ್ಬಟ್ಟಿಗೆ ಸಾರು ಕಟ್ಟಿಕೊಡಲಾಗದೆಂದರೆ ಅದು ಮನಸ್ಸಿನ ಕೊರತೆ.

ಚಾಮರಾಜನಗರದ ಸ್ಥಿತಿ ಬೇರೆ. ಇದು ದಾಟಿ ಹೋಗುವವರ ಊರಲ್ಲ. ಮೈಸೂರಿನಿಂದ ಬರುವ ರೈಲೂ ಇಲ್ಲಿಗೇ ಬಂದು ನಿಲ್ಲುತ್ತದೆ. ಇಲ್ಲಿಗೆ ಬಂದವರು ಯಾರದೋ ಮನೆಗೆ ಬಂದಿರುತ್ತಾರೆ. ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹೊಸದಾಗಿ ಮದುವೆಯಾದ ಜೋಡಿಗಳು ಹಣ್ಣು ಜವನ ಎಸೆಯಲು ಬರುತ್ತವೆ. ಆ ದಿನ ಮನೆಮನೆಯಲ್ಲೂ ಅಳಿಯನಿಗೆ, ಬೀಗರಿಗೆ ಊಟ. ಪಾರ್ಸೆಲ್ ಅಂಗಡಿಯ ಡಬ್ಬಿಗಳು ಹೋಗುವುದು ಆ ಮನೆಗಳಿಗೆ. ದಾರಿಹೋಕನ ಪಾರ್ಸೆಲ್ ಅವನ ಹಸಿವಿಗೆ ಸಾಕು. ಮನೆಗೆ ಹೋಗುವ ಪಾರ್ಸೆಲ್ ಎಲೆಯ ಮೇಲೆ ಬೀಳಬೇಕು, ಅದರ ಪಕ್ಕ ಸಾರಿರಬೇಕು.

‘ಹಾಗಾದರೆ ಮನೆಯಲ್ಲೇ ಮಾಡಿ’ ಎಂದು ಯಾರಾದರೂ ನನಗೆ ಹೇಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಮನೆಯ ಬಿಸಿ ಒಬ್ಬಟ್ಟಿನ ಹಾಡು ಹಾಡುವವರೆಲ್ಲ ಎಲೆಯ ಮುಂದೆ ಕೂತಿದ್ದವರು. ಕಾವಲಿಯ ಮುಂದೆ ನಿಂತವಳು ಬಿಸಿ ಒಬ್ಬಟ್ಟು ತಿಂದದ್ದನ್ನು ನಾನು ಕಂಡಿಲ್ಲ. ಗಂಡಸರು, ಮಕ್ಕಳು, ನೆಂಟರು ಎದ್ದ ಮೇಲೆ ಅವಳ ಎಲೆಗೆ ಬರುವುದು ತಣ್ಣನೆಯ ಕೊನೆಯದು. ಅಂಗಡಿಯಿಂದ ತಂದ ದಿನ ಅವಳೂ ಎಲ್ಲರ ಜೊತೆ ಕೂರುತ್ತಾಳೆ. ಎಲ್ಲರೂ ಒಟ್ಟಿಗೆ ಕೂತು ಸಮಾನವಾಗಿ ತಣ್ಣಗಾದ ಒಬ್ಬಟ್ಟು ತಿನ್ನುತ್ತಾರೆ. ಇದೂ ಒಂದು ಸಮಾನತೆಯೇ. ಕೆಲಸಕ್ಕೆ ಹೋಗಿ ಬರುವ ಹೆಣ್ಣುಮಗಳು ಹಬ್ಬದ ಹಿಂದಿನ ಸಂಜೆ ಈ ಅಂಗಡಿಯ ಮುಂದೆ ನಿಂತರೆ ಅದರಲ್ಲಿ ನಾಚುವಂಥದ್ದೇನೂ ಇಲ್ಲ.

ಹಾಗೆಂದು ಕಾವಲಿಯ ಮುಂದೆ ಈಗ ಯಾರೂ ನಿಂತಿಲ್ಲವೇ? ನಿಂತಿದ್ದಾಳೆ, ಗಾಜಿನ ಹಿಂದೆ. ಆ ಮೂವರಲ್ಲಿ ಒಬ್ಬಳು ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ. ತೆರಕಣಾಂಬಿ ಕಡೆಯ ಹಳ್ಳಿಯವಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲವೆಂದು ಈ ಕೆಲಸ ಹಿಡಿದಳು. ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಾಳೆ. ಪೋಷಕರ ಸಭೆಗೆ ಬಂದಿದ್ದಾಗ ಅವಳ ಕೈಯ ಕೆಲಸವನ್ನು ಹೊಗಳಿದೆ. ನಕ್ಕಳು. ಆಮೇಲೆ ಹೇಳಿದಳು:

‘ಉಗಾದಿಗೆ ಹಿಂದಿನ್ ರಾತ್ರಿ ಅಲ್ಲೇ ಉಳ್ಕೋತೀವಿ ಮಿಸ್. ಎರಡು ಗಂಟೆಗೇ ಒಲೆ ಹಚ್ಚದು. ಹಬ್ಬದ್ ದಿನ ಮನೆಗೋಗೋ ಹೊತ್ಗೆ ಮಕ್ಕ ಮಲ್ಗಿರ್ತವೆ. ನಮ್ಮನೇಲಿ ಒಬ್ಬಟ್ಟು ಮಾಡಿ ಎರಡು ಉಗಾದಿ ಆಯ್ತು.’

‘ಅಂಗಡಿಯಿಂದ ಕೊಡಲ್ವೇನಮ್ಮಾ?’

‘ಕೊಡ್ತಾರೆ. ಹರಿದವು, ಸೀದವು. ಮಗಳು ಕೇಳ್ತಾಳೆ, ನಮ್ಮನೆಗೆ ಮಾತ್ರ ಯಾಕವ್ವ ಹರಿದ್ ಒಬ್ಬಟ್ಟೇ ಬತ್ತದೆ ಅಂತ.’

ಅಂಗಡಿಯ ಬಗ್ಗೆ ನನ್ನ ದೊಡ್ಡ ಆಕ್ಷೇಪಣೆ ಇಲ್ಲಿದೆ. ಡಬ್ಬಿಯ ಹನಿ, ಸಾರಿನ ಕೊರತೆ ಇವೆಲ್ಲ ಅದರ ಮುಂದೆ ಸಣ್ಣವು. ನನ್ನ ಅಡುಗೆಮನೆಯಿಂದ ಒಬ್ಬ ಹೆಂಗಸು ಬಿಡುಗಡೆಯಾದಳು, ಸರಿ. ಅವಳ ಜಾಗದಲ್ಲಿ ಇನ್ನೊಬ್ಬಳು ನಿಂತಳು. ಮೊದಲಿನವಳಿಗೆ ತಣ್ಣನೆಯದಾದರೂ ಇಡಿಯ ಒಬ್ಬಟ್ಟು ಸಿಕ್ಕುತ್ತಿತ್ತು. ಅವಳ ಮಕ್ಕಳು ಪಕ್ಕದಲ್ಲಿದ್ದರು. ಈಗಿನವಳಿಗೆ ಸಂಬಳವಿದೆ, ಅದು ಸಣ್ಣ ಸಂಗತಿಯಲ್ಲ. ಆದರೆ ಹಬ್ಬವಿಲ್ಲ. ಬೆಲೆಯಲ್ಲಿ ಕೈಯ ಲೆಕ್ಕ ಸೇರಬೇಕೆಂದು ನಾನು ವಾದಿಸಿದೆನಲ್ಲ, ಸೇರಿದ ಆ ಹಣ ಕೈಯವರೆಗೆ ಹೋಗದಿದ್ದರೆ ನನ್ನ ವಾದ ಅಂಗಡಿಯವನ ಗಲ್ಲಾಕ್ಕೆ ಮಾಡಿದ ವಕೀಲಿಯಾಗುತ್ತದೆ.

ಆದ್ದರಿಂದ ನನ್ನ ತೀರ್ಪು ಹೀಗಿದೆ. ಒಬ್ಬಟ್ಟು ಒಳ್ಳೆಯದು, ಕೊಳ್ಳಬಹುದು. ಬೆಲೆ ನ್ಯಾಯದ್ದು, ಚೌಕಾಸಿ ಬೇಡ. ಡಬ್ಬಿ ಕೆಟ್ಟದ್ದು. ನೀವೇ ಅಗಲವಾದ ಸ್ಟೀಲ್ ಡಬ್ಬಿ, ಒಂದು ತುಂಡು ಬಾಳೆಲೆ ತೆಗೆದುಕೊಂಡು ಹೋಗಿ, ಎರಡರ ನಡುವೆ ಎಲೆ ಇಡಿಸಿ, ಮನೆ ತಲುಪುವವರೆಗೆ ಮುಚ್ಚಳ ಓರೆಯಾಗಿಡಿ. ತಿನ್ನುವ ಮೊದಲು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬೆಚ್ಚಗೆ ಮಾಡಿ, ಮೇಲೆ ತುಪ್ಪ ಹಾಕಿ. ಸಾರನ್ನು ಮನೆಯಲ್ಲೇ ಮಾಡಿಕೊಳ್ಳಿ. ಒಂದು ಲೋಟ ತೊಗರಿಬೇಳೆ, ಒಂದು ಒಬ್ಬಟ್ಟಿನ ಹೂರಣ ಸಾಕು. ಅರ್ಧ ಗಂಟೆಯಲ್ಲಿ ಆಗುತ್ತದೆ, ಅದನ್ನು ಮನೆಯ ಗಂಡಸರೂ ಮಾಡಬಹುದು. ಅಂಗಡಿಯವರಿಗೆ ಹೇಳುವುದು ಇಷ್ಟೇ: ಒಂದು ಬೆಂಚು ಹಾಕಿ, ಕಟ್ಟನ್ನು ಚರಂಡಿಗೆ ಸುರಿಯಬೇಡಿ, ಹಬ್ಬದ ದಿನದ ದುಡಿಮೆಗೆ ಎರಡರಷ್ಟು ಕೂಲಿ ಕೊಡಿ.

ಕೊಳ್ಳುವ ನಮಗೂ ಒಂದು ಕೆಲಸವಿದೆ. ಮುಂದಿನ ಉಗಾದಿಗೆ ಸಾಲಿನಲ್ಲಿ ನಿಂತಾಗ ‘ಬಿಸಿ ಇದೆಯಾ’ ಎಂದು ಕೇಳುವ ಜೊತೆಗೆ, ‘ಇವರ ಮನೆಗೆ ಹತ್ತು ಇಡಿಯ ಒಬ್ಬಟ್ಟು ಕಟ್ಟಿದ್ದೀರಾ’ ಎಂದೂ ಕೇಳಿ. ಸಾಲಿನಲ್ಲಿ ಇರುವವರೆಲ್ಲ ಒಂದೊಂದು ಸಲ ಕೇಳಿದರೆ ಗಲ್ಲಾದಲ್ಲಿ ಕೂತವರಿಗೆ ಉತ್ತರ ಹೇಳದೆ ವಿಧಿಯಿರುವುದಿಲ್ಲ.